ಐತಪ್ಪಣ್ಣ ಮತ್ತು ಮಾಡು ತೆಗೆಯುವ ಕಾರು

ಯಾರ ಮನೆಗೆ ಹೋದರೂ ಐತಪ್ಪಣ್ಣ ಮೊದಲು ವಿಚಾರಿಸಿಕೊಳ್ಳುತ್ತಿದ್ದುದು ಮೇಜನ್ನು. ಎದುರುಬದುರಿನ ಎರಡು ಮೂಲೆ ಹಿಡಿದು, ಒದ್ದೆ ಬಟ್ಟೆ ಹಿಂಡುವವರಂತೆ ಒಮ್ಮೆ ತಿರುಚಿ ನೋಡುವರು. ಮೇಜು ಸುಮ್ಮನಿದ್ದರೆ ತಾವೂ ಸುಮ್ಮನೆ ಕುಳಿತುಕೊಳ್ಳುವರು. ಕಿರ್ರ್ ಎಂದರೆ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೆಂದು ಈಗಷ್ಟೇ ತಿಳಿದವರ ಹಾಗೆ ಯಜಮಾನನ ಮುಖ ನೋಡುವರು. ನಮ್ಮ ಊಟದ ಮೇಜು ಈ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದೆ. ಮೂವತ್ತು ವರ್ಷ ಪರರ ಮಕ್ಕಳನ್ನು ನಪಾಸು ಮಾಡಿ ನಿವೃತ್ತನಾದ ನನಗೆ ಅದು ನ್ಯಾಯವಾಗಿಯೇ ಕಂಡಿತು.

"ಅಲ್ಲಾಡುವುದು ದೊಡ್ಡ ಸಂಗತಿ ಅಲ್ಲ ಮಾಷ್ಟ್ರೆ," ಎನ್ನುತ್ತಿದ್ದರು. "ಕಾಲಿನ ಅಡಿಗೆ ಕಾಗದ ಮಡಚಿ ಇಟ್ರೆ ಆಯ್ತು. ತಿರುಚ್ಲಿಕ್ಕೆ ಸಿಕ್ಕಬಾರ್ದು. ಸಿಕ್ಕಿದ್ರೆ ರೋಗ ಮೈಯಲ್ಲೇ ಉಂಟು ಅಂತ."

ಮುಳ್ಳೇರಿಯದ ಪೇಟೆ ಮುಗಿದು ಏರು ಶುರುವಾಗುವಲ್ಲಿ ಅವರ ಟಿಂಕರಿಂಗ್ ಶೆಡ್ಡು. ನಜ್ಜುಗುಜ್ಜಾದ ಜೀಪು, ಮರಕ್ಕೆ ಮುತ್ತಿಕ್ಕಿದ ಆಟೋ, ಎಲ್ಲವೂ ಅಲ್ಲಿಗೇ. ಇಂಜಿನನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಹೊಟ್ಟೆ ನೋಡುವವರು ತುಂಬ ಜನ ಉಂಟು. ನಾನು ಮೈ ಮಾತ್ರ." ತಜ್ಞ ವೈದ್ಯರಿಗಿರುವ ಗಾಂಭೀರ್ಯವೆಲ್ಲ ಆ ಮಾತಿನಲ್ಲಿತ್ತು.

ಅವರ ವಿದ್ಯೆಗೆ ಕಠಿಣ ಪರೀಕ್ಷೆ ಒಡ್ಡಿದವರು ನಮ್ಮ ನೆರೆಯ ಸ್ಟ್ಯಾನಿ. ಸ್ಟ್ಯಾನಿ ಬಹಳ ವರ್ಷ ಗಲ್ಫಿನಲ್ಲಿ ಡ್ರೈವರಾಗಿದ್ದವರು. ಧಣಿಯ ಮಗಳನ್ನು, ತಲೆಯ ಮೇಲಿನ ಮಾಡು ತೆಗೆದ ಕಾರಿನಲ್ಲಿ ಶಾಲೆಗೆ ಬಿಡುವುದು ಅವರ ನಿತ್ಯದ ಕೆಲಸ. ಆ ಹೊತ್ತಿಗೆ ಅವರ ಸ್ವಂತ ಮಗಳು ಜೆನಿಟಾ ಇಲ್ಲಿ ಬಸ್ಸಿಗೆ ಕಾಯುತ್ತಿದ್ದಳು. ಒಂದು ದಿನ ಫೋನಿನಲ್ಲಿ ಮಾತು ಕೊಟ್ಟುಬಿಟ್ಟರು: ನಿನ್ನ ಮದುವೆಗೆ ಅಂಥದೇ ಗಾಡಿಯಲ್ಲಿ, ಮಾಡು ತೆಗೆದು, ಇಗರ್ಜಿಗೆ ನಾನೇ ಕರಕೊಂಡು ಹೋಗುವುದು.

ಮದುವೆ ಗೊತ್ತಾದದ್ದೇ ಕೊಚ್ಚಿಯಿಂದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದರು. ಎರಡೇ ಸೀಟು. ತಲೆಯ ಮೇಲಿನ ಮಾಡು ಎರಡು ಹಲಗೆಗಳಾಗಿದ್ದು, ಕೊಂಡಿ ಬಿಚ್ಚಿ ಎತ್ತಿ ಡಿಕ್ಕಿಯಲ್ಲಿ ಇಡಬಹುದು. ಮರುದಿನ ಹಾಗೆಯೇ ಇಟ್ಟು, ಊರಿಗೆಲ್ಲ ದರ್ಶನ ಕೊಟ್ಟು ಬಂದು, ತಮ್ಮ ಏರುತಗ್ಗಿನ ಅಂಗಳದಲ್ಲಿ ನಿಲ್ಲಿಸಿದರು. ಒಂದು ಚಕ್ರ ಮುರಕಲ್ಲಿನ ಮೇಲೆ ಹತ್ತಿತ್ತು. ಬಾಗಿಲು ತೆರೆಯಲಿಲ್ಲ. ಎರಡೂ. ಅಷ್ಟರಲ್ಲಿ ಬೇಸಗೆಯ ಮಳೆ ಬಂತು. ನಾವು ಡಿಕ್ಕಿಯಿಂದ ಹಲಗೆ ತಂದು ಮುಚ್ಚಹೋದರೆ ಅದೂ ಕೂರಲಿಲ್ಲ. ಗಾತ್ರದಲ್ಲಿ ಯಾರಿಗೂ ಕಡಿಮೆಯಿಲ್ಲದ ಸ್ಟ್ಯಾನಿಯವರನ್ನು ಮೇಲಿನಿಂದ ಎತ್ತಿ ಹೊರತೆಗೆದ ನಾಲ್ವರಲ್ಲಿ ನಾನೂ ಒಬ್ಬ. ಆ ಕುರಿತು ಹೆಚ್ಚು ಬರೆಯುವುದು ಸಭ್ಯತೆಯಲ್ಲ.

ಹೇಳಿಕಳುಹಿಸಿದ ಮೇಲೆ ಬಂದ ಐತಪ್ಪಣ್ಣ ಕಾರಿನ ಅಡಿಗೆ ನುಸುಳಿ, ಬಾಗಿಲ ಕೆಳಗಿನ ದಪ್ಪ ಪಟ್ಟಿಗಳನ್ನು ಬೆರಳಿನಿಂದ ಬಡಿದು ಎದ್ದು ಬಂದರು. ಜೇಬಿನಿಂದ ಬೆಂಕಿಪೆಟ್ಟಿಗೆ ತೆಗೆದು, ಒಳಗಿನ ಗೂಡನ್ನಷ್ಟೇ ಹೊರಗೆಳೆದು ತಿರುಚಿದರು. ಅದು ಸುಟ್ಟ ಹಪ್ಪಳದಂತೆ ಸೊಟ್ಟಗಾಯಿತು. ಸರಿಪಡಿಸಿ ಒಳಗೆ ತಳ್ಳಿ ಮತ್ತೆ ತಿರುಚಿದರು. ಜಗ್ಗಲಿಲ್ಲ.

"ಕಂಡಿತಾ ಪೊರ್ಬುಗಳೇ?" ಎಂದು ಸ್ಟ್ಯಾನಿಯವರತ್ತ ತಿರುಗಿದರು. " ಮಾಡು ಅಂದ್ರೆ ಕೊಡೆ ಅಲ್ಲ, ಎಲುಬು. ಅದನ್ನು ತೆಗ್ದ್ರೆ ಎಲ್ಲ ಭಾರ ಈ ಕೆಳಗಿನ ಪಟ್ಟಿ ಹೊರ್ಬೇಕು. ಕಂಪೆನಿಯವ ಗಟ್ಟಿಯೇ ಮಾಡಿದ್ದಾನೆ. ಆಮೇಲೆ ಯಾರೋ ಪುಣ್ಯಾತ್ಮ ತುಕ್ಕಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡ್ದಿದ್ದಾನೆ."

"ಹಾಗಾದರೆ ಮಾಡನ್ನೇ ವೆಲ್ಡ್ ಮಾಡಿಬಿಟ್ಟರೆ?" ಎಂದೆ ನಾನು. ಮದುವೆಯನ್ನೇ ನಿಲ್ಲಿಸಿ ಎಂದಿದ್ದರೂ ಸ್ಟ್ಯಾನಿ ನನ್ನನ್ನು ಹಾಗೆ ನೋಡುತ್ತಿರಲಿಲ್ಲ.

ಶೆಡ್ಡಿನಲ್ಲಿ ಆ ಕಾರಿಗೆ ಸಂದ ಉಪಚಾರ ಯಾವ ಅಳಿಯನಿಗೂ ಸಂದಿರಲಾರದು. ರಸಮಟ್ಟ ಇಟ್ಟು ನಾಲ್ಕು ಚಕ್ರಗಳನ್ನೂ ಸಮಕ್ಕೆ ತಂದು, ಮಾಡು ಮುಚ್ಚಿ, ಒಳಗೆ ತಾತ್ಕಾಲಿಕ ಆಧಾರಗಳನ್ನು ಬಿಗಿದ ಮೇಲೆಯೇ ಅವರು ತುಕ್ಕನ್ನು ಕೊಯ್ದದ್ದು. "ಸೊಟ್ಟ ನಿಂತಾಗ ಬೆಸೆದ್ರೆ ಸೊಟ್ಟವೇ ಖಾಯಂ ಆಗ್ತದೆ ಮಾಷ್ಟ್ರೆ." ಹತ್ತು ದಿನ ಯಾರೂ ಅದಕ್ಕೆ ಒರಗುವಂತಿರಲಿಲ್ಲ. ನಾನು ಒಮ್ಮೆ ಮೊಣಕೈ ಊರಿ ಬೈಸಿಕೊಂಡೆ.

ಮದುವೆಗೆ ನಾಲ್ಕು ದಿನ ಇರುವಾಗ ಸ್ಟ್ಯಾನಿ ಮಗಳೊಂದಿಗೆ ಶೆಡ್ಡಿಗೆ ಬಂದು ಕ್ರಮಪ್ರಕಾರ ಆಮಂತ್ರಣ ಪತ್ರ ಕೊಟ್ಟರು. ಐತಪ್ಪಣ್ಣ ಎರಡೂ ಕೈಯಲ್ಲಿ ತಕ್ಕೊಂಡು, ದಪ್ಪ ಸವರಿ ನೋಡಿ, "ಒಳ್ಳೆ ಕಾಗದ," ಎಂದರು. ಕಾರಿನ ಮಾಡು ತೆಗೆದು, ಜಾಕಿಯಿಂದ ಒಂದು ಮೂಲೆ ಎತ್ತಿ, ಆ ಪತ್ರವನ್ನು ಬಾಗಿಲಿನ ಸಂದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹೋದರು. ವಧೂವರರ ಹೆಸರು ಸಲೀಸಾಗಿ ಮುಕ್ಕಾಲು ದಾರಿ ಹೋಗಿ, ಮೇಲಿನ ಮೂಲೆಯಲ್ಲಿ ಸಿಕ್ಕಿಕೊಂಡಿತು.

"ಪಾಸಿಲ್ಲ."

ಸ್ಟ್ಯಾನಿ ಹಳೆ ಟಯರೊಂದರ ಮೇಲೆ ಕುಳಿತರು. "ನಾನು ಮಾತು ಕೊಟ್ಟದ್ದು ಐತಪ್ಪಣ್ಣ. ಬಾಡಿಗೆ ಗಾಡಿಯಲ್ಲಿ ಹೋಗ್ಲಿಕ್ಕಾದ್ರೆ ಇಷ್ಟೆಲ್ಲ ಎಂತಕ್ಕೆ?"

"ದಾರಿ ಉಂಟು. ಸೀಟಿನ ಹಿಂದೆ, ಎರಡು ಕಡೆಯೂ ನೆಲಕ್ಕೆ ಕಾಲು ಕೊಟ್ಟು, ಒಂದು ಅಡ್ಡ ಪೈಪು ಬೆಸೆದ್ರೆ ನಿಲ್ತದೆ. ಆದ್ರೆ ಗಾಡಿಯ ಚಂದ ಹೋಗ್ತದೆ."

"ಮದುಮಗಳ ಗಾಡಿಗೆ ಬಸ್ಸಿನ ಹಾಗೆ ಪೈಪಾ ಮಾರಾಯ್ರೆ!"

ಜೆನಿಟಾ ನಕ್ಕುಬಿಟ್ಟಳು. "ಪಪ್ಪಾ, ಇಷ್ಟು ವರ್ಷ ಕಾಲೇಜು, ಕೆಲಸ ಅಂತ ನಾನು ಪೈಪು ಹಿಡ್ಕೊಂಡು ನೇತಾಡಿದ್ದೇ ಅಲ್ವಾ? ಇದ್ರಲ್ಲಿ ಸೀಟಾದ್ರೂ ಉಂಟು. ನೀವು ಹಾಕಿ ಮಾಮ."

ಐತಪ್ಪಣ್ಣ ಈಗ ಇಲ್ಲ. ಆ ಮಳೆಗಾಲ ಕಳೆಯುವ ಮೊದಲೇ, ಯಾರಿಗೂ ತೊಂದರೆ ಕೊಡದೆ, ಮಧ್ಯಾಹ್ನದ ನಿದ್ದೆಯಲ್ಲಿ ಹೋದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಮದುವೆಯ ದಿನ, ಇಗರ್ಜಿಯ ಅಂಗಳದಲ್ಲಿ. ಬಿಳಿ ಮುಂಡು, ಇಸ್ತ್ರಿ ಹಾಕಿದ ಅಂಗಿ, ಕಟ್ಟಿದ ಕೈ.

ಕೆಂಪು ಕಾರು ಏರು ಹತ್ತಿ ಬಂತು. ಮಾಡು ಇಲ್ಲ, ಸೀಟಿನ ಹಿಂದೆ ಅಡ್ಡ ಪೈಪು, ಮೇಲೆ ಬರೀ ಆಕಾಶ, ಮಗಳ ಬಿಳಿ ಮುಸುಕು ಹಾರುತ್ತಿದೆ. ಜನ ನೋಡುತ್ತಿದ್ದ ಖುಷಿಯಲ್ಲಿ ಸ್ಟ್ಯಾನಿ, ಇಡೀ ಅಂಗಳದಲ್ಲಿ ನಿಲ್ಲಿಸಬಾರದ ಒಂದೇ ಜಾಗದಲ್ಲಿ, ಚರಂಡಿಯ ಚಪ್ಪಡಿಗೆ ಮುಂದಿನ ಚಕ್ರ ಹತ್ತಿಸಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಅವರಿಗೇ ಗೊತ್ತಾಯಿತು. ಎಲ್ಲರೂ ಮದುಮಗಳನ್ನು ನೋಡುತ್ತಿದ್ದರು. ನಾವು ಮೂವರು ಮಾತ್ರ ಬಾಗಿಲನ್ನು.

ಜೆನಿಟಾ ಹಿಡಿಕೆಯನ್ನು ಒಂದು ಬೆರಳಿನಿಂದ ಎಳೆದಳು. ತೆರೆಯಿತು. ಬ್ಯಾಂಡು ಶುರುವಾಯಿತು. ಸ್ಟ್ಯಾನಿ ಟೈಯಿಂದಲೇ ಬೆವರು ಒರೆಸಿಕೊಂಡರು. ಆಕೆ ಇಳಿದು, ಬಾಗಿಲು ಹಾಕದೆ, ನಾಲ್ಕು ಹೆಜ್ಜೆ ಇಟ್ಟಿರಬಹುದು, ಐತಪ್ಪಣ್ಣ ಕೈ ಎತ್ತಿದರು.

"ಮಗಳೇ, ತೆರೆದದ್ದು ಕಂಡಿತು. ಒಮ್ಮೆ ಹಾಕು, ನೋಡುವ."

ಪಾದ್ರಿಗಳು ನಿಂತರು. ಬ್ಯಾಂಡು ನಿಂತಿತು. ಮೆಟ್ಟಿಲ ಮೇಲೆ ಮದುಮಗನೂ ನಿಂತ. ಜೆನಿಟಾ ಉಡುಪಿನ ಅಂಚನ್ನು ಎತ್ತಿ ಹಿಡಿದು ವಾಪಸು ಬಂದು, ಬಾಗಿಲು ಹಾಕಿದಳು. ಟಪ್.

"ಆಯ್ತು," ಎಂದರು ಐತಪ್ಪಣ್ಣ. "ಇನ್ನು ಮದುವೆ ಆಗ್ಬಹುದು."