ಪರದೆಯ ಮರೆಯಲ್ಲಿ ಪುಸ್ತಕ ಹಿಡಿದವನು

ಶಾಂತಕ್ಕ, ಆ ಸಂಜೆ ನಾನು ನಿಮಗೆ ಮಾತು ಎತ್ತಿಕೊಡಲಿಲ್ಲ. ಎತ್ತಿಕೊಟ್ಟೆ, ನಿಮಗೆ ಕೇಳಿಸಲಿಲ್ಲ ಎಂದು ಎಲ್ಲರ ಮುಂದೆ ಹೇಳಿದೆನಲ್ಲ — ಅದು ಸುಳ್ಳು. ಹನ್ನೊಂದು ವರ್ಷದಿಂದಲೂ ಸುಳ್ಳು. ನಿಮ್ಮ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದ್ದದ್ದು ಪರದೆಯ ಪಕ್ಕ ಪುಸ್ತಕ ಹಿಡಿದು ಕೂತಿದ್ದವನಲ್ಲಿ.

ಇಷ್ಟು ಬರೆಯುವುದಕ್ಕೆ ನಾಲ್ಕು ಹಾಳೆ ಹರಿದೆ. ತರೀಕೆರೆಯಲ್ಲಿ ನೋಂದಣಿ ಕಚೇರಿ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ಖಾತೆ ಬದಲಾವಣೆ ಅರ್ಜಿ ಬರೆದು ಹೊಟ್ಟೆ ಹೊರೆಯುವ ಪತ್ರ ಬರಹಗಾರ ನಾನು. ‘ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ ಬರೆದುಕೊಟ್ಟ ಪತ್ರ’ ಎಂದು ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ಇಲ್ಲಿ ಆ ಸಾಲು ಬರೆಯಲಾರೆ. ಬಲವಂತವಿದೆ, ಅದೇನೆಂದು ಮುಂದೆ ಹೇಳುತ್ತೇನೆ. ಇನ್ನು ಮನಸ್ಸಿನ ಸ್ವಸ್ಥತೆ — ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವವನು, ಬಸ್ ಹತ್ತಿದ ಮೇಲೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬೆವರುವವನು ನಾನೆಂದು ನಿಮಗೆ ಗೊತ್ತಿದೆ. ಆಗದೇ ಇದ್ದದ್ದಕ್ಕೆಲ್ಲ ಇಷ್ಟು ವರ್ಷ ಹೆದರಿದೆ. ಆಗಿಹೋದದ್ದರ ಬಗ್ಗೆ ಮಾತ್ರ ಹಾಯಾಗಿ ಊಟ ಮಾಡಿಕೊಂಡಿದ್ದೆ.

ನಡೆದದ್ದು ನಿಮಗೆ ಗೊತ್ತೇ ಇದೆ. ಆದರೆ ಪರದೆಯ ಈಚೆ ಕಡೆಯಿಂದ ಅದು ಹೇಗಿತ್ತು ಎನ್ನುವುದು ಗೊತ್ತಿಲ್ಲ. ಅದಕ್ಕಾಗಿ ಮೊದಲಿನಿಂದ ಬರೆಯುತ್ತೇನೆ.

ಅಜ್ಜಂಪುರದ ನಮ್ಮ ನಾಟಕ ಸಂಘದಲ್ಲಿ ಪಾತ್ರ ಬೇಕಾದವನು ದುಡ್ಡು ಕಟ್ಟಬೇಕು. ಹೆಚ್ಚು ಕಟ್ಟಿದವನು ರಾಜ, ಅವನಿಗಿಂತ ಕಡಿಮೆಯವನು ಮಂತ್ರಿ, ಕಟ್ಟಲಾಗದವನು ಈಟಿ ಹಿಡಿದು ನಿಲ್ಲುವ ಕಾವಲುಗಾರ. ಹಾಗೆ ಸೇರಿದ್ದರಲ್ಲೇ ಸೀನರಿ, ಲೈಟು, ಮೈಕು ಬಾಡಿಗೆಗೆ ತರುವುದು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುತ್ತಿದ್ದರು — ಹಿಂದಿನ ದಿನ ಬಂದು, ಒಂದು ಸಲ ಮಾತು ಒಪ್ಪಿಸಿ, ನಾಟಕ ಮುಗಿಸಿ ಹೊರಡುತ್ತಿದ್ದರು. ಆ ವರ್ಷ ಹಾರ್ಮೋನಿಯಂ ಮೇಷ್ಟ್ರು ತಾವೇ ಬರೆದ ಪಾಳೇಗಾರರ ಕಾಲದ ನಾಟಕ ಎತ್ತಿಕೊಂಡರು. ಟೈಲರಿಂಗ್ ಅಂಗಡಿ ಇಟ್ಟಿದ್ದ ನೀವು ಬಂದು, ರಾಣಿಯ ಪಾತ್ರ ನಾನು ಮಾಡುತ್ತೇನೆ ಎಂದಿರಿ. ಊರಿನ ಗೃಹಿಣಿಯೊಬ್ಬರು ನಮ್ಮ ರಂಗ ಹತ್ತುವುದು ಅದೇ ಮೊದಲು.

“ನಿಮ್ ಹತ್ರ ಏನೂ ತಗೊಳಲ್ಲಮ್ಮ,” ಎಂದರು ಮೇಷ್ಟ್ರು.

“ಗಂಡಸರೆಲ್ಲ ಕಟ್ಬೇಕು, ನನಗೆ ಮಾತ್ರ ಪುಕ್ಕಟೆನಾ ಮೇಷ್ಟ್ರೇ? ದುಡ್ಡಿಲ್ಲ, ಮಿಷನ್ ಐತೆ. ಎಲ್ರ ಬಟ್ಟೆನೂ ನಾನೇ ಹೊಲ್ದು ಕೊಡ್ತೀನಿ.”

ಹಾಗೇ ಹೊಲಿದುಕೊಟ್ಟಿರಿ. ಮಂತ್ರಿಯ ಪಾತ್ರಕ್ಕೆ ಕಟ್ಟಿದ್ದವನು ನಾನು. ನನ್ನ ಭುಜದ ಅಳತೆ ತೆಗೆಯುತ್ತ, “ಒಂದ್ ಭುಜ ಇಳ್ದೈತಲ್ಲ ಮಂಜಣ್ಣ, ಏನ್ ಅಷ್ಟೊಂದು ಯೋಚ್ನೆ ಹೊತ್ಕೊಂಡಿದೀರಿ?” ಎಂದು ನಕ್ಕಿದ್ದಿರಿ. ನೀವು ನನಗೆ ಅಣ್ಣ ಎಂದಿರಿ, ನಾನು ನಿಮಗೆ ಅಕ್ಕ ಎಂದೆ. ಯಾರು ದೊಡ್ಡವರೆಂದು ಇಬ್ಬರೂ ವಿಚಾರಿಸಲಿಲ್ಲ.

ತಾಲೀಮು ಈರುಳ್ಳಿ ಗೋದಾಮಿನಲ್ಲಿ. ಮೊದಲ ವಾರವೇ ನಿಮಗೆ ನಿಮ್ಮ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಬಾಯಿಗೆ ಬಂದಿತ್ತು. ನನಗೋ — ಮನೆಯಲ್ಲಿ ಕನ್ನಡಿ ಮುಂದೆ ಬರುತ್ತಿದ್ದ ಮಾತು ಗೋದಾಮಿನ ಬಾಗಿಲು ದಾಟಿದರೆ ಬರುತ್ತಿರಲಿಲ್ಲ. ನಾನು ತಡವರಿಸಿದಾಗ ನೀವು ಕೂತಲ್ಲಿಂದಲೇ ಮೆಲ್ಲಗೆ ಮುಂದಿನ ಪದ ಹೇಳಿಬಿಡುತ್ತಿದ್ದಿರಿ. ಉಪಕಾರಕ್ಕೇ ಹೇಳಿದ್ದು, ಅದು ನನಗೆ ಆಗಲೂ ಗೊತ್ತಿತ್ತು. ಒಂದು ದಿನ ಮೂರನೇ ಸಲ ಹಾಗಾದಾಗ, ರಾಜನ ಪಾತ್ರದ ಹಾರ್ಡ್‌ವೇರ್ ಅಂಗಡಿ ರುದ್ರಪ್ಪ ತೊಡೆ ತಟ್ಟಿಕೊಂಡು ನಕ್ಕ.

“ಲೇ ಮಂಜ, ಮಂತ್ರಿಗೆ ದುಡ್ಡು ಕಟ್ಟಿದ್ದು ನೀನು, ಮಾತಾಡ್ತಿರೋದು ಆಯಮ್ಮ ಕಣೋ!”

ಗೋದಾಮೆಲ್ಲ ನಕ್ಕಿತು. ನೀವೂ ನಕ್ಕಿರಿ ಎಂದು ಇಷ್ಟು ವರ್ಷ ನನ್ನೊಳಗೆ ಹೇಳಿಕೊಂಡು ಬಂದಿದ್ದೇನೆ. ಈಗ ಯೋಚಿಸಿದರೆ — ನಕ್ಕಿರೋ ಇಲ್ಲವೋ, ಆಣೆ ಇಟ್ಟು ಹೇಳಲಾರೆ. ನಕ್ಕಿದ್ದರೆ ನನಗೆ ಅನುಕೂಲವಿತ್ತು, ಅಷ್ಟೇ.

ಮಾರನೇ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದರು. “ಬೇಜಾರ್ ಮಾಡ್ಕೋಬೇಡ ಮಂಜುನಾಥ. ನೀನು ಪುಸ್ತಕ ಹಿಡ್ಕೊ. ಅಕ್ಷರ ಬಲ್ಲೋನು, ನಿನಗೆ ಅದೇ ಸರಿ,” ಎಂದರು. ಪರವಾಗಿಲ್ಲ ಮೇಷ್ಟ್ರೇ ಎಂದೆ. ನಗುತ್ತಲೇ ಹೇಳಿದೆ. ನನ್ನ ಅಳತೆಯ ಕೋಟನ್ನು ಬೇರೆಯವನಿಗೆಂದು ನೀವು ಬಿಚ್ಚಿ ಹೊಲಿಯುವಾಗ ಎದುರಿನ ಬೆಂಚಿನಲ್ಲಿ ಕೂತು ನೋಡಿದೆ. ಇಪ್ಪತ್ತು ದಿನ ಯಾರಿಗೂ ಏನೂ ಅನ್ನಲಿಲ್ಲ. ಒಳಗೆ ಮಾತ್ರ ಒಂದೇ ಸಮನೆ —

ಇರಲಿ. ಅದನ್ನು ನೆಪ ಮಾಡಲಾರೆ. ಪಾತ್ರ ಕಸಿದದ್ದು ಮೇಷ್ಟ್ರು, ನಗೆಯಾಡಿದ್ದು ರುದ್ರಪ್ಪ. ಅವರಿಬ್ಬರ ಮೇಲೆ ತೀರಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ನಿಮ್ಮ ಮೇಲಾದರೆ ಧೈರ್ಯವೇ ಬೇಕಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ನಮ್ಮಲ್ಲಿ ಒಂದು ಕ್ರಮವಿತ್ತಲ್ಲ — ಮಾತು ಮರೆತರೆ ಗಂಡಸರು ಮೀಸೆ ಮುಟ್ಟಿಕೊಳ್ಳಬೇಕು, ಹೆಂಗಸರು ಎಡಗೈ ಬಳೆ ತಿರುಗಿಸಬೇಕು. ಪುಸ್ತಕ ಹಿಡಿದವನು ಕೂಡಲೇ ಮೊದಲ ಪದವಷ್ಟನ್ನೇ ಎತ್ತಿಕೊಡಬೇಕು; ಸಾಲೆಲ್ಲ ಹೇಳಿದರೆ ಮುಂದೆ ಕೂತವರಿಗೂ ಕೇಳಿಸಿಬಿಡುತ್ತದೆ. ಆ ಸಂಜೆ ಮೊದಲ ಅಂಕದಲ್ಲಿ ರುದ್ರಪ್ಪ ಎಷ್ಟು ಸಲ ಮೀಸೆ ಮುಟ್ಟಿಕೊಂಡನೆಂದರೆ ಅಂಟಿಸಿದ ಮೀಸೆಯ ಒಂದು ತುದಿ ಕೈಗೇ ಬಂತು. ಪ್ರತಿ ಸಲವೂ ಕೊಟ್ಟೆ. ಚೆನ್ನಾಗಿಯೇ ಕೊಟ್ಟೆ. ನಿಮಗೆ ಅಲ್ಲಿಯವರೆಗೆ ಒಂದು ಪದವೂ ಬೇಕಾಗಿರಲಿಲ್ಲ. ಮೈದಾನ ತುಂಬಿತ್ತು, ನಿಮ್ಮ ಮೊದಲ ಹಾಡಿಗೇ ಶಿಳ್ಳೆ ಬಿದ್ದಿತ್ತು.

ಎರಡನೇ ಅಂಕ. ತುಂಬಿದ ಸಭೆಯಲ್ಲಿ ರಾಜ ನಿಮ್ಮ ಮೇಲೆ ತಪ್ಪು ಹೊರಿಸಿ ಎದ್ದು ಹೊರಡುತ್ತಾನೆ. ನೀವು ತಡೆಯಬೇಕು: “ನಿಲ್ಲಿ ಪ್ರಭು, ನನ್ನ ಮಾತು ಇನ್ನೂ ಮುಗಿದಿಲ್ಲ.” ರುದ್ರಪ್ಪ ಎದ್ದ. ನೀವು ಬಾಯಿ ತೆರೆದಿರಿ. ಮಾತು ಬರಲಿಲ್ಲ. ಎಡಗೈ ಬಳೆ ತಿರುಗಿಸಿದಿರಿ.

ನಾನು ನೋಡಿದೆ, ಶಾಂತಕ್ಕ. ಬೆರಳು ಆ ಸಾಲಿನ ಮೇಲೇ ಇತ್ತು. ‘ನಿಲ್ಲಿ’ — ಎರಡೇ ಅಕ್ಷರ. ನಾಲಿಗೆಯ ತುದಿಗೂ ಬಂದಿತ್ತು. ಮತ್ತೊಮ್ಮೆ ತಿರುಗಿಸಿದಿರಿ. ಗೊತ್ತಾಗಲಿ, ತಡವರಿಸುವುದೆಂದರೆ ಹೇಗಿರುತ್ತದೆಂದು ಒಂದು ಕ್ಷಣ ಇವರಿಗೂ ಗೊತ್ತಾಗಲಿ — ಹೀಗೇ ಅಂದುಕೊಂಡೆ, ಪದಪದವೂ ನೆನಪಿದೆ. ಒಂದೇ ಕ್ಷಣ ಎಂದುಕೊಂಡಿದ್ದು. ಅಷ್ಟರಲ್ಲಿ ಯಾರೋ ಕೂಗಿದರು, ಇನ್ನಾರೋ ನಕ್ಕರು. ನೀವು ಸಭೆ, ರಾಜ ಎಲ್ಲ ಮರೆತು ನೇರವಾಗಿ ನನ್ನ ಕಡೆ ತಿರುಗಿದಿರಿ. ಆಗಲಾದರೂ ಕೊಡಬಹುದಿತ್ತು. ನಾನು ತಲೆ ತಗ್ಗಿಸಿ ಪುಟ ಹುಡುಕುವವನಂತೆ ಮಾಡಿದೆ. ನನ್ನ ಬದುಕಿನಲ್ಲಿ ಅಷ್ಟು ಚೆನ್ನಾಗಿ ನಟಿಸಿದ್ದು ಅದೊಂದೇ ಸಲ.

ನೀವು ಒಳಗೆ ಬಂದುಬಿಟ್ಟಿರಿ. ಉಳಿದದ್ದನ್ನು ಮೇಷ್ಟ್ರು ಹೇಗೋ ಹಾಡಿನಲ್ಲೇ ದಾಟಿಸಿದರು. ಪರದೆ ಬಿದ್ದ ಕೂಡಲೇ ನನ್ನ ಮುಂದೆ ನಿಂತರು.

“ಯಾಕೋ ಕೊಡ್ಲಿಲ್ಲ?”

ಇಲ್ಲಿಯವರೆಗಿನದು ಸಣ್ಣತನ. ಕೇಡು ಶುರುವಾದದ್ದು ಇಲ್ಲಿಂದ.

“ಕೊಟ್ಟೆ ಮೇಷ್ಟ್ರೇ. ಎರಡು ಸಲ ಕೊಟ್ಟೆ. ಭಯಕ್ಕೆ ಅವ್ರಿಗೆ ಕೇಳಿಸ್ಲಿಲ್ಲ.”

ನೀವು ಕಿರೀಟ ಕೂಡ ತೆಗೆಯದೆ ಅಲ್ಲೇ ನಿಂತಿದ್ದಿರಿ. ಸಿಟ್ಟಿರಲಿಲ್ಲ ನಿಮ್ಮ ಮುಖದಲ್ಲಿ. ಆಶ್ಚರ್ಯವಿತ್ತು.

“ಕೊಟ್ರಾ ಮಂಜಣ್ಣ?”

“ಕೊಟ್ಟೆ ಕಣಕ್ಕ.”

ನೀವು ನಂಬಿದಿರಿ. ನಿಮ್ಮ ಕಿವಿಯನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ.

ಆಮೇಲಿನದನ್ನು ನೋಡುತ್ತಲೇ ಇದ್ದೆ. ಊರಿಗೆ ನೀವು ‘ಕಿವುಡಿ ರಾಣಿ’ಯಾದಿರಿ. ರವಿಕೆ ಹೊಲಿಯಲು ಕೊಡುವವರು, “ಅಳತೆ ಸರಿಯಾಗಿ ಕೇಳಿಸ್ತೇನಕ್ಕ?” ಎಂದು ಕೇಳಿ ನಗುವುದನ್ನು ನಿಮ್ಮ ಅಂಗಡಿ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೇಳಿಸಿಕೊಂಡಿದ್ದೇನೆ. ಎರಡು ವರ್ಷಕ್ಕೆ ಅಂಗಡಿ ಎತ್ತಿ ಕಡೂರಿಗೆ ಹೋದಿರಿ. ನಿಮ್ಮ ಮನೆಯವರ ಕೆಲಸದ ಸಲುವಾಗಿ ಎಂದು ಎಲ್ಲರೂ ಹೇಳಿದರು. ನಾನೂ ಹಾಗೇ ಹೇಳಿದೆ — ಎಲ್ಲರಿಗಿಂತ ಜೋರಾಗಿ. ಮೇಷ್ಟ್ರು ತೀರಿಕೊಳ್ಳುವ ಮುಂಚೆ ಎರಡು ಸಲ ನೋಡಲು ಹೋಗಿದ್ದೆ. ಅವರಿಗೂ ಹೇಳಲಿಲ್ಲ.

ಹೋದ ವರ್ಷ ಕಡೂರು ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ಸಿಂಗಟಗೆರೆ ಬಸ್ಸಿಗೆ ಕಾಯುತ್ತಿದ್ದಿರಿ. ನಾನು ಕಂಡೂ ಕಾಣದಂತೆ ಕಂಬದ ಹಿಂದೆ ಸರಿದಿದ್ದೆ; ನೀವೇ ಕೂಗಿ ಕರೆದಿರಿ. ಮನೆ ಮಕ್ಕಳನ್ನೆಲ್ಲ ವಿಚಾರಿಸಿದ ಮೇಲೆ, ನಾನು ಕೇಳದೆಯೇ ಹೇಳಿದಿರಿ:

“ಆ ನಾಟಕ ಆದ್ಮೇಲೆ ಶಿವಮೊಗ್ಗಕ್ಕೆ ಹೋಗಿ ಕಿವಿ ತೋರಿಸ್ಕೊಂಡು ಬಂದೆ ಮಂಜಣ್ಣ. ಏನೂ ಇಲ್ಲಮ್ಮ, ಚೆನ್ನಾಗೈತೆ ಅಂದ್ರು ಡಾಕ್ಟ್ರು. ಆದ್ರೂ ಏನೋ ಅನುಮಾನ ಕಣ್ರೀ. ನಮ್ಮ ಮಹಿಳಾ ಸಂಘದ ಮೀಟಿಂಗಲ್ಲಿ ಮಾತಾಡೋಕೆ ಎದ್ರೆ, ಎಲ್ರೂ ಏನೋ ಹೇಳ್ತಿದಾರೆ, ನನಗೇ ಕೇಳಿಸ್ತಿಲ್ಲ ಅನ್ಸುತ್ತೆ. ಕೂತ್ಬಿಡ್ತೀನಿ.”

ಬಸ್ ಬಂತು. ನೀವು ಹತ್ತಿದಿರಿ. ಕಿಟಕಿಯಿಂದ ಕೈ ಬೀಸಿದಿರಿ, ನಾನೂ ಬೀಸಿದೆ. ಬರುವಾಗ ಬಸ್ ಬದಲಿಸಲು ಬೀರೂರಿನಲ್ಲಿ ಇಳಿಯುವುದನ್ನೇ ಮರೆತು ಮುಂದೆ ಹೋಗಿದ್ದೆ.

ಅಷ್ಟಾದರೂ ಬಾಯಿ ಬಿಡಲಿಲ್ಲ. ಬಿಡಿಸಿದ್ದು ಬೇರೆ.

ಈಗ ರುದ್ರಪ್ಪ ನಮ್ಮ ಸಂಘದ ಅಧ್ಯಕ್ಷ, ನಾನು ಕಾರ್ಯದರ್ಶಿ. ಬರುವ ಹಂಗಾಮಿಗೆ ಮೂರು ನಾಟಕ — ಅಜ್ಜಂಪುರ, ತರೀಕೆರೆ, ಕಡೂರಿನಲ್ಲಿ ಒಂದೊಂದು. ಸಂಘಕ್ಕೆ ಸ್ವಂತ ಪರದೆ, ಸ್ವಂತ ಲೈಟು ಮಾಡಿಕೊಳ್ಳಲು ಮೂರು ಊರಿನಲ್ಲೂ ಚಂದಾ ಎತ್ತುವುದೆಂದಾಯಿತು. ಮೇಷ್ಟ್ರ ನೆನಪಿಗೆ ಮೊದಲು ಅವರ ಅದೇ ನಾಟಕ. ಪಾತ್ರ ಹಂಚುವ ಸಭೆಗೆ ರೇಖಾ ಎಂಬ ಹುಡುಗಿ ಬಂದಳು. ಯಗಟಿ ಕಡೆಯವಳು, ಇಲ್ಲಿಗೆ ಸೊಸೆಯಾಗಿ ಬಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ರಾಣಿಯ ಪಾತ್ರ ಕೇಳಿದಳು.

“ಅದೂ ನೋಡಾಗಿದೆ ಕಣಮ್ಮ,” ಎಂದ ರುದ್ರಪ್ಪ. “ಮನೆ ಹೆಂಗಸ್ರನ್ನ ಹತ್ತಿಸಿ ಮರ್ಯಾದೆ ಕಳ್ಕೊಂಡಿದೀವಿ. ಪುಸ್ತಕದೋನು ಎರಡೆರಡು ಸಲ ಮಾತು ಕೊಟ್ರೂ ಆಯಮ್ಮಂಗೆ ಕೇಳಿಸ್ಲಿಲ್ಲ. ಬೇಕಾದ್ರೆ ಕೇಳು, ಇಲ್ಲೇ ಕೂತವ್ನಲ್ಲ ಮಂಜ. ಏನೋ?”

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹನ್ನೊಂದು ವರ್ಷದ ಮೇಲೆ ಎರಡನೇ ಸಲ, ಯಾವ ಸಿಟ್ಟೂ ಇಲ್ಲದೆ, ಬರೀ ಅಭ್ಯಾಸದಿಂದ.

ರೇಖಾ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ನೀವು ಹೋದ ಮೇಲೆ ಎಷ್ಟು ಜನ ಹೀಗೆ ಬಂದು ಹೋದರೆಂದು ಆಗ ಎಣಿಸಿದೆ. ನಾಲ್ವರು. ನಾಲ್ವರಿಗೂ ಇದೇ ಕಥೆ ಹೇಳಿ ಕಳಿಸಿದ್ದೇವೆ. ನನ್ನ ಸುಳ್ಳನ್ನು ಹೇಳಲು ನಾನೂ ಬೇಕಿರಲಿಲ್ಲ, ಊರೇ ಹೇಳುತ್ತಿತ್ತು. ಮೊದಲಿಗೆ ಹೇಳಿದೆನಲ್ಲ ಬಲವಂತ ಎಂದು — ಆ ಹುಡುಗಿ ಏನೂ ಅನ್ನದೆ ಹೋದದ್ದೇ ಅದು.

ಮುಂದಿನ ಭಾನುವಾರದ ಸಭೆಗೆ ಅವಳನ್ನೂ ಹೇಳಿಕಳಿಸಿ ಕರೆಸಿದೆ. ಗೋದಾಮಿನಲ್ಲಿ ಐದಾರು ಜನರ ಮುಂದೆ ಎಲ್ಲ ಹೇಳಿದೆ.  ಆಮೇಲೆ ರುದ್ರಪ್ಪ ಕೆಮ್ಮಿ, “ಆಯ್ತು ಬಿಡಪ್ಪಾ, ಹಳೇದು. ಇಲ್ಲಿಗೇ ಮುಗಿಸೋಣ. ಹೊರಗೆ ಗೊತ್ತಾದ್ರೆ ಚಂದಾ ಕೊಡೋರು ಏನಂದ್ಕೋತಾರೆ? ರಸೀದಿ ಪುಸ್ತಕ ಹಿಡ್ಕೊಂಡು ಮನೆಮನೆಗೆ ಹೋಗ್ಬೇಕಾದೋನು ನೀನೇ ಕಣೋ,” ಎಂದ. ಪಾತ್ರ ರೇಖಾಗೆ ಎಂದು ತೀರ್ಮಾನವಾಯಿತು. ನನಗೆ ಹಗುರಾಯಿತು, ನಿಜ ಹೇಳಬೇಕಲ್ಲ — ಆ ಕ್ಷಣ ತುಂಬಾ ಹಗುರಾಯಿತು. ಎಲ್ಲರೂ ಎದ್ದ ಮೇಲೆ ರೇಖಾ ಹತ್ತಿರ ಬಂದಳು.

“ಶಾಂತಮ್ಮೋರಿಗೆ ಹೇಳಿದ್ರಾ ಸರ್?”

“ಇನ್ನೂ ಇಲ್ಲಮ್ಮ.”

“ಮತ್ತೆ ನಮಗ್ಯಾಕೆ ಮೊದ್ಲು ಹೇಳಿದ್ರಿ?”

ಉತ್ತರ ನನ್ನ ಹತ್ತಿರ ಇತ್ತು, ಹೇಳಲಿಲ್ಲ. ಅವರಿಗೆ ಹೇಳುವುದು ಸುಲಭವಿತ್ತು. ನನ್ನನ್ನು ಬೈಯುವ ಹಕ್ಕು ಅವರಲ್ಲಿ ಯಾರಿಗೂ ಇರಲಿಲ್ಲ.

“ಪುಸ್ತಕ ಮಾತ್ರ ನೀವು ಹಿಡೀಬೇಡಿ,” ಎಂದಳು. ಸರಿಯಾಗಿಯೇ ಹೇಳಿದಳು.

ನಾಲ್ಕು ದಿನದಿಂದ ನನ್ನ ಮಾಮೂಲಿ ಹೆದರಿಕೆಗಳೆಲ್ಲ ಸಾಲಾಗಿ ಬಂದು ಹೋಗುತ್ತಿವೆ. ಪತ್ರ ನಿಮ್ಮ ಮನೆಯವರ ಕೈಗೆ ಸಿಕ್ಕರೆ? ಓದಿ ನಿಮಗೆ ಇನ್ನೂ ನೋವಾದರೆ? ಚಂದಾ ನಿಂತುಹೋದರೆ? ಒಂದೊಂದೂ ನಿಮ್ಮ ಮೇಲಿನ ಕಾಳಜಿಯ ವೇಷ ಹಾಕಿಕೊಂಡೇ ಬರುತ್ತದೆ. ಬಿಚ್ಚಿ ನೋಡಿದರೆ ಒಳಗೆ ನಾನೇ ಇರುತ್ತೇನೆ. ಅದಕ್ಕೆ ಅಂಚೆಗೆ ಹಾಕದೆ, ಸೋಮವಾರ ಬೆಳಿಗ್ಗೆ ಕಡೂರಿಗೆ ಬಂದು ಅಲ್ಲಿನ ನಿಮ್ಮ ಟೈಲರಿಂಗ್ ಅಂಗಡಿಯಲ್ಲಿ ನಿಮ್ಮ ಕೈಗೇ ಇದನ್ನು ಕೊಡುತ್ತೇನೆ. ಓದಿ ಮುಗಿಸುವವರೆಗೆ ಹೊರಗೆ ನಿಂತಿರುತ್ತೇನೆ. ಏನನ್ನಬೇಕೆನಿಸುತ್ತದೋ ಅನ್ನಿ. ಅಥವಾ ಏನೂ ಅನ್ನಬೇಡಿ.

ಒಂದೇ ಒಂದನ್ನು ನೀವು ತೀರ್ಮಾನ ಮಾಡಬೇಕು. ನಿಮ್ಮ ಅವಮಾನವನ್ನು ಮೈದಾನದ ತುಂಬ ಜನ ನೋಡಿದರು; ನನ್ನ ತಪ್ಪು ಗೋದಾಮಿನಲ್ಲಿ ಐದಾರು ಜನರ ನಡುವೆ ಮುಗಿದುಹೋಯಿತು. ಇದು ಸರಿಯಲ್ಲ. ಅಜ್ಜಂಪುರದಲ್ಲಿ ಮೊದಲ ನಾಟಕದ ದಿನ, ಪರದೆ ಏಳುವ ಮುಂಚೆ, ಚಂದಾ ಕೊಟ್ಟವರು ಕೊಡದವರು ಎಲ್ಲರ ಮುಂದೆ ನಿಂತು ಇದನ್ನು ಹೇಳಬೇಕೆಂದಿದ್ದೇನೆ. ರುದ್ರಪ್ಪ ಒಪ್ಪುವುದಿಲ್ಲ. ಅವನನ್ನು ಕೇಳುವುದೂ ಇಲ್ಲ. ಆದರೆ ಅಲ್ಲಿ ನಿಮ್ಮ ಹೆಸರು ಮತ್ತೆ ಬರುತ್ತದೆ. ನಿಮ್ಮನ್ನು ಕೇಳದೆ ಅದನ್ನು ಇನ್ನೊಮ್ಮೆ ಬಾಯಿಗೆ ತರುವ ಹಕ್ಕು ನನಗಿಲ್ಲ. ನೀವು ಬೇಡವೆಂದರೆ ಬೇಡ, ಹೊತ್ತುಕೊಂಡೇ ಇರುತ್ತೇನೆ. ಹೇಳು ಎಂದರೆ, ಮೈಕ್ ಕೆಟ್ಟರೂ ಕಡೆಯ ಸಾಲಿನವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.

— ಮಂಜುನಾಥ