ರೇಡಿಯೇಟರಿಗೆ ಕಟ್ಟಿದ ಹಾರ

ಹಾರ ಕಟ್ಟುವ ಮುಂಚೆ ದೊಡ್ಡಪ್ಪ ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆಯುಧಪೂಜೆ ಕಳೆದು ಇಷ್ಟು ದಿನವಾದರೂ ನೆನೆದರೆ ಮೈ ಉರಿಯುತ್ತದೆ.

ಮಲ್ಲೇಶ್ವರದ ನಮ್ಮ ಮನೆ ಮುಂದೆ ನಿಲ್ಲುವ ಹಳೆಯ ಕಾರು ಅಪ್ಪನದು. ಅವರು ತೀರಿಕೊಂಡ ಮೇಲೆ ನಾನು ಅದಕ್ಕೊಂದು ದೊಡ್ಡ ಎಂಜಿನ್ ಕೂರಿಸಿದೆ. ಎಂಜಿನ್ ದೊಡ್ಡದಾಯಿತು, ಅದನ್ನು ತಣ್ಣಗಿಡುವ ಸಾಮಾನೆಲ್ಲ ಹಳೆಯದೇ ಉಳಿಯಿತು. ಸಂಪಿಗೆ ರಸ್ತೆಯ ಟ್ರಾಫಿಕ್‌ನಲ್ಲಿ ಮತ್ತೆ ಮತ್ತೆ ಕುದಿದು ನಿಂತಿತು. ಜೊತೆಯಲ್ಲೇ ಇರುವ ದೊಡ್ಡಪ್ಪ ತೀರ್ಪು ಕೊಟ್ಟುಬಿಟ್ಟರು. "ಇನ್ನೊಂದ್ ಸಲ ಕುದೀಲಿ, ಗುಜರಿಗೆ ಹಾಕ್ಬಿಡೋದೇ. ಹುಡ್ಗೀರು ಎಂಜಿನ್ನಿಗೆ ಕೈ ಹಾಕಿದ್ರೆ ಹಿಂಗೇ ಆಗೋದು."

ಹುಡುಗಿಯಂತೆ! ನನ್ನ ತಲೆ ಅರ್ಧ ನರೆತಿದೆ. ಆದರೆ ಕಾರು ನಿಲ್ಲುವ ಜಾಗ ಅವರ ಹೆಸರಿನಲ್ಲಿದೆ, ಅವರು ಹೇಳಿದರೆ ಮಾಡುವವರೇ.

ಹಲ್ಲು ಕಚ್ಚಿ ಕೆಲಸಕ್ಕಿಳಿದೆ. ನೀರಿನ ಪಂಪಿನ ರೆಕ್ಕೆಗಳು ತುಕ್ಕು ತಿಂದು ಸವೆದಿದ್ದವು, ಹೊಸ ಪಂಪು ಹಾಕಿದೆ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಪಂಪು ಬಿರುಸಾಗಿ ತಿರುಗಲೆಂದು ಅದಕ್ಕೆ ಬೆಲ್ಟ್ ಸುತ್ತುವ ಚಿಕ್ಕ ಪುಲ್ಲಿ ಕೂರಿಸಿದೆ. ಪಂಪು ಎಳೆದಾಗಲೆಲ್ಲ ಕೆಳಗಿನ ರಬ್ಬರ್ ಪೈಪು ಚಪ್ಪಟೆಯಾಗಿ ಹರಿವನ್ನೇ ತಡೆಯುತ್ತಿತ್ತು, ಒಳಗೆ ಸ್ಪ್ರಿಂಗ್ ಇರುವ ಪೈಪು ಹುಡುಕಿ ತಂದೆ. ಆ ಬೇಸಿಗೆಯಿಡೀ ಓಡಿಸಿದೆ. ಬಿಸಿ ತೋರಿಸುವ ಮುಳ್ಳು ನಡುವಿನಿಂದ ಅಲುಗಲಿಲ್ಲ. ದೊಡ್ಡಪ್ಪನ ಬಾಯಿಂದ ಒಂದು 'ಪರವಾಗಿಲ್ಲ' ಕೂಡ ಬರಲಿಲ್ಲ.

ಹಬ್ಬದ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಕಾರಿನ ಮೂತಿಗೆ ತೋಳುದಪ್ಪದ ಚೆಂಡುಹೂವಿನ ಹಾರವನ್ನು ಸುತ್ತಿ ಸುತ್ತಿ ಬಿಗಿದಿದ್ದರು. ಎರಡೂ ಕಡೆ ಬಾಳೆಕಂದು, ಅದರ ಎಲೆಗಳು ಗ್ರಿಲ್ ಮೇಲೇ ಮಲಗಿದ್ದವು. ರೇಡಿಯೇಟರಿಗೆ ಗಾಳಿ ಹೋಗುವ ದಾರಿ ಪೂರ್ತಿ ಬಂದ್.

"ದೊಡ್ಡಪ್ಪ, ಗಾಳಿ ಹೋಗಲ್ಲ. ಬಿಚ್ಚಿ ಬಾನೆಟ್ ಮೇಲೆ ಹಾಕ್ತೀನಿ."

"ಪೂಜೆ ಆಗಿರೋ ಹಾರ ಕಣೇ. ಬಾಡೋವರ್ಗೂ ತೆಗೀಬಾರ್ದು. ನಡಿ, ಲೇಟಾಯ್ತು."

ಹಬ್ಬದ ದಿನ ಜಗಳ ಬೇಡವೆಂದು ದೊಡ್ಡಮ್ಮ ಕಣ್ಣಲ್ಲೇ ಬೇಡಿಕೊಂಡರು. ದೊಡ್ಡಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಸವನಗುಡಿಯ ಅತ್ತೆ ಮನೆಗೆ ಊಟಕ್ಕೆ ಹೊರಟೆ. ಚಾಮರಾಜಪೇಟೆ ಸಿಗ್ನಲ್ ಹತ್ತಿರ ಬರುವಷ್ಟರಲ್ಲಿ ಮುಳ್ಳು ಕೆಂಪು ಗೆರೆಗೆ ತಾಕಲು ಹೋಗುತ್ತಿತ್ತು. ಪಕ್ಕಕ್ಕೆ ನಿಲ್ಲಿಸಿದೆ.

"ನಾನ್ ಹೇಳಿರ್ಲಿಲ್ವಾ? ನಿನ್ ಪಂಪಿನ ಹಣೆಬರಹ ಇಷ್ಟೇ. ನಾಳೆನೇ ಗುಜರಿಯವನ್ನ ಕರೀತೀನಿ."

ನನಗೆ ಎಲ್ಲಿತ್ತೋ ಸಿಟ್ಟು. ಪಂಪು ತಿರುಗುತ್ತಿರಲೆಂದು ಎಂಜಿನ್ ಆಫ್ ಮಾಡದೆ ಇಳಿದೆ. ಮನೆಯ ಬೀಗದ ಕೈಯಿಂದಲೇ ಹಾರದ ದಾರವನ್ನು ಕುಯ್ದೆ, ಬಾಳೆ ಎಲೆ ಹರಿದು ಬಿಸಾಡಿದೆ. ಹೋಗುವವರೆಲ್ಲ, ದೇವರ ಹಾರ ಕೀಳುವ ಹೆಂಗಸನ್ನು ತಿರುಗಿ ತಿರುಗಿ ನೋಡಿದರು. ನೋಡಲಿ.

"ಈಗ ಮುಳ್ಳು ನೋಡಿ ದೊಡ್ಡಪ್ಪ!"

ಬಗ್ಗಿ ನೋಡಿದರು. ಮುಳ್ಳು ಮೆಲ್ಲಗೆ ಇಳಿದು ನಡುವೆ ನಿಂತಿತು. ಅವರು ಸ್ಟೇರಿಂಗಿನ ಕಡೆ ಕೈಮುಗಿದು, "ದೇವರು ಕಾಪಾಡ್ದ," ಅಂದರು.

ಕುದಿದರೆ ನನ್ನ ಪಂಪು, ತಣ್ಣಗಾದರೆ ದೇವರು! ನೆಲದ ಮೇಲಿದ್ದ ಹಾರವನ್ನು ಎತ್ತಿ, ಒದ್ದೆ ಹೂವಿನ ಸಮೇತ ಅವರ ರೇಷ್ಮೆ ಪಂಚೆಯ ಮಡಿಲಿಗೆ ಹಾಕಿದೆ.

"ಹಿಡ್ಕೊಳಿ. ಬಾಡೋವರ್ಗೂ ತೆಗೀಬಾರ್ದು."

ಬಸವನಗುಡಿ ಮುಟ್ಟುವವರೆಗೂ ಅವರು ಹಾಗೇ ಹಿಡಿದುಕೊಂಡು ಕೂತಿದ್ದರು. ಗುಜರಿಯವನ ಮಾತು ಆಮೇಲೆ ಬರಲಿಲ್ಲ.