ಡಿಕ್ಕಿಯ ಸಾಕೆಟ್ಟು, ಗಿಣ್ಣದ ಹಾಲು

ನಂಬಬೇಡಿ, ನನಗೇನೂ ನಷ್ಟವಿಲ್ಲ. ನಮ್ಮ ಮನೆಯಲ್ಲೇ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಆದರೆ ಸಾಸವಡದ ರಸ್ತೆಯಲ್ಲಿ, ಬಂದ್ ಮಾಡಿ ನಿಲ್ಲಿಸಿದ ಕಾರಿನ ಡಿಕ್ಕಿಯಿಂದ ಪಾಲಖಿಯ ಜೊತೆ ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ಜನಕ್ಕೆ ಕರೆಂಟು ಹಂಚಿದ ಗಂಡಸು ನಾನೊಬ್ಬನೇ. ಇನ್ನೊಬ್ಬನಿದ್ದರೆ ಕರೆದು ತಂದು ತೋರಿಸಿ, ನೋಡೋಣ.

ಹಿಂಜವಾಡಿಯಲ್ಲಿರುವ ಮಗಳಿಗೆ ಆಗ ಏಳು ತಿಂಗಳು. ಬಯಕೆ ಎಂದರೆ ಹುಣಸೆಕಾಯಿಯೋ ಮಾವಿನಕಾಯಿಯೋ ಕೇಳಬೇಕಪ್ಪ. ಇವಳು ಗಿಣ್ಣ ಕೇಳಿದಳು. ಅಂಗಡಿಯ ಪುಡಿ ಕಲಸಿದ್ದಲ್ಲ, ಆಗಷ್ಟೇ ಕರು ಹಾಕಿದ ಎಮ್ಮೆಯ ಮೊದಲ ಹಾಲಿನದ್ದು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಲಬುರಗಿ ಕಡೆ ಹೇಳುತ್ತಾರೆ. ನನ್ನ ಹೆಂಡತಿ ಅದನ್ನೇ ಹೇಳಿ ಹೇಳಿ, ಕೂಸಿಗಿಂತ ಮೊದಲು ನನ್ನ ಕಿವಿಯೇ ಸೋರುವಂತೆ ಮಾಡಿದಳು.

ಕಡೆಗೆ ಸಾಸವಡದ ಗೆಳೆಯನೊಬ್ಬನ ಎಮ್ಮೆ ಕರು ಹಾಕಿತು. ಹಾಕಿದ್ದು ಸರಿಯಾಗಿ ಪಾಲಖಿ ಆ ಊರಿಗೆ ಬರುವ ದಿನ. ಎಮ್ಮೆಗೆ ಪಂಚಾಂಗ ಓದಿ ಹೇಳುವವರು ಯಾರು?

ಹಾಲು ಕೆಡಬಾರದೆಂದು ಅಳಿಯ ತನ್ನ ಪುಟ್ಟ ಕಾರ್ ಫ್ರಿಜ್ ಕೊಟ್ಟ. ಮೈಸೂರಿನ ಹುಡುಗ, ಎಚ್ಚರಿಕೆ ಜಾಸ್ತಿ.

"ಮಾವ, ಇದನ್ನ ಡಿಕ್ಕಿ ಸಾಕೆಟ್‌ಗೆ ಹಾಕಿ. ಆದ್ರೆ ಕೀ ತೆಗೆದ್ರೆ ಸಾಕೆಟ್ ಆಫ್ ಆಗ್ಬಿಡುತ್ತೆ."

"ಅದು ನಿಮ್ಮ ಗಾಡಿಯೊಳಗ. ನಮ್ಮ ಗಾಡಿಯೊಳಗ ಕೀ ಇಲ್ದನೂ ಕರೆಂಟ್ ಹರೀತದ."

ಸುಳ್ಳಲ್ಲ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಯಲ್ಲಿ ಗಾಡಿಗಳಿಗೆ ವೈರು ಕೂಡಿಸುತ್ತಲೇ ತಲೆ ಹಣ್ಣಾದವನು ನಾನು. ಬ್ಯಾಟರಿಯಿಂದ ಸೀದಾ ಡಿಕ್ಕಿಗೆ ವೈರು ಎಳೆದು, ನಡುವೆ ಒಂದು ಫ್ಯೂಸ್ ಕೂರಿಸಿದ್ದೆ.

"ಹಾಗಿದ್ರೆ ನಿಲ್ಲಿಸಿದಾಗ ಬ್ಯಾಟರಿ ಡೌನ್ ಆಗುತ್ತಲ್ಲ, ಮಾವ?"

"ಈ ಮುದುಕನ ಬ್ಯಾಟರಿನ ಇನ್ನಾ ಡೌನ್ ಆಗಿಲ್ಲ, ಅಳಿಯಂದ್ರ. ಗಾಡೀದು ಹೆಂಗ ಆಗ್ತದ?"

ನಾನೂ ಹೆಂಡತಿಯೂ ಸಾಸವಡಕ್ಕೆ ಹೋಗಿ ಹಾಲಿನ ಕ್ಯಾನು ಫ್ರಿಜ್ಜಿನಲ್ಲಿಟ್ಟು ತಿರುಗಿದೆವು. ಊರು ದಾಟುವಷ್ಟರಲ್ಲಿ ಪೊಲೀಸರು ತಡೆದರು. ಎದುರಿನಿಂದ ಪಾಲಖಿ ಘಾಟು ಹತ್ತಿ ಬರುತ್ತಿತ್ತು. ಅದು ದಾಟುವವರೆಗೆ ಗಾಡಿ ಬಿಡುವುದಿಲ್ಲ. ಬದಿಗೆ ಹಚ್ಚಿ ಕೀ ತೆಗೆದೆ.

"ಎಂಜಿನ್ ಚಾಲೂ ಇಡ್ರಿ," ಎಂದಳು ಹೆಂಡತಿ.

"ಯಾಕ? ಅಳಿಯನ ಮಾತು ಗೆಲ್ಲಬೇಕೇನು?"

ಅಂದೆನೇನೋ ನಿಜ, ಕೂತಲ್ಲಿ ಕೂರಲಾಗಲಿಲ್ಲ. ಫ್ರಿಜ್ ಓಡಿದಷ್ಟೂ ಬ್ಯಾಟರಿ ಇಳಿಯುತ್ತದೆ. ನಿಲ್ಲಿಸಿದರೆ ಹಾಲು ಕೆಡುತ್ತದೆ. ಇಳಿದು ಹೋಗಿ ಡಿಕ್ಕಿ ಎತ್ತಿ ನೋಡಿದೆ. ಹಸಿರು ದೀಪ ಉರಿಯುತ್ತಿತ್ತು. ಮುಚ್ಚಿ ಬಂದು ಕೂತೆ. ಕಾಲು ಕುಣಿಸಿದೆ. ಮತ್ತೆ ಹೋದೆ. ಹಸಿರೇ ಇತ್ತು. ಬಂದೆ. ಮತ್ತೆ ಎದ್ದೆ.

"ನಿಮ್ಮ ಕುಂಡಿಗೇನು ಇರುವಿ ಹತ್ಯಾವೇನ್ರಿ? ಒಂದ ಕಡೆ ಕುಂಡರ್ರಿ!"

ನಾನು ಕೂರಲಿಲ್ಲ, ಡಿಕ್ಕಿ ತೆರೆದಿಟ್ಟುಕೊಂಡು ಪಕ್ಕದಲ್ಲೇ ನಿಂತೆ. ತಪ್ಪಾದದ್ದು ಅಲ್ಲಿ. ಪಾಲಖಿಯ ದಾರಿಯಲ್ಲಿ ಡಿಕ್ಕಿ ತೆರೆದು ನಿಂತವನೆಂದರೆ ನಡೆದು ಬರುವ ವಾರಕರಿಗಳಿಗೆ ಬಾಳೆಹಣ್ಣೋ ಚಹಾವೋ ಹಂಚುವವನೆಂದೇ ಲೆಕ್ಕ. ತಿರುಗಿ ನೋಡಿದರೆ ನನ್ನ ಹಿಂದೆ ಪಾಳಿ ಹಚ್ಚಿ ನಿಂತಿದ್ದಾರೆ, "ಮಾವುಲಿ, ಮಾವುಲಿ" ಎಂದು ಕೈ ಚಾಚಿದ್ದಾರೆ! ಆ ದಾರಿಯಲ್ಲಿ ಎಲ್ಲರೂ ಎಲ್ಲರಿಗೂ ಮಾವುಲಿಯೇ, ತಾಯಿಯೇ. ಇಲ್ಲ ಎನ್ನುವುದು ಹೇಗೆ? ಮಗಳಿಗೆಂದು ಮಾಡಿ ತಂದಿದ್ದ ಶೇಂಗಾ ಹೋಳಿಗೆಯನ್ನು ಹೆಂಡತಿ ಮುರಿದು ಮುರಿದು ಹಂಚಿದಳು. ಅದೂ ಮುಗಿಯಿತು.

ತಲೆಯ ಮೇಲೆ ಪುಟ್ಟ ತುಳಸಿಕಟ್ಟೆ ಹೊತ್ತ ಅಜ್ಜಿಯೊಬ್ಬಳಿಗೆ ಹಸಿರು ದೀಪ ಕಂಡಿತು. ಸೊಂಟದಿಂದ ಮೊಬೈಲ್ ತೆಗೆದು, ಚಾರ್ಜ್ ಆಗುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು.

ನನ್ನೊಳಗಿನ ಕೋತಿ ಎದ್ದಿತು. ಕೀ ಮೇಲೆತ್ತಿ ಎಲ್ಲರಿಗೂ ತೋರಿಸಿ ಮರಾಠಿಯಲ್ಲೇ ಸಾರಿದೆ: "ನೋಡಿ ಮಾವುಲಿ! ಗಾಡಿ ಬಂದ್, ಕೀ ನನ್ನ ಕೈಯಲ್ಲಿ. ಆದರೂ ಕರೆಂಟ್! ವಿಠ್ಠಲನ ಕೃಪೆ!"

ಅಜ್ಜಿ ಸಾಕೆಟ್ಟಿಗೇ ಕೈ ಮುಗಿದಳು. ಒಂದನ್ನು ಮೂರು ಮಾಡುವ ಪ್ಲಗ್ಗು ನನ್ನ ಬಳಿ ಇದ್ದೇ ಇರುತ್ತದೆ. ಒಂದು ಫೋನು ಇಳಿದರೆ ಇನ್ನೊಂದು ಏರಿತು. ಟೊಪ್ಪಿಗೆಯ ಮುದುಕನೊಬ್ಬ ಸ್ಪೀಕರನ್ನೇ ತಂದ. ಅದನ್ನೂ ಹಚ್ಚಿದೆ. ನಾನೇ ಕರೆಂಟಿನ ಇಲಾಖೆ!

"ಏನ್ರೀ," ಹೆಂಡತಿಯ ದನಿ ತಣ್ಣಗಿತ್ತು. "ದೀಪ ಕೆಂಪಾಗ್ಯಾದಲ್ಲ?"

ಬ್ಯಾಟರಿ ಸೋತರೆ ಆ ಫ್ರಿಜ್ ತಾನೇ ನಿಂತುಬಿಡುತ್ತದೆ. ಓಡಿ ಹೋಗಿ ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೇ.

"ಕೂಸಿನ ಕಿವಿ..." ಎಂದವಳು ಮಾತು ಮುಗಿಸದೆ ಕ್ಯಾನು ಎತ್ತಿ, ಸೆರಗು ಒದ್ದೆ ಮಾಡಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕೂತಳು.

ಪಾಲಖಿ ದಾಟಿತು. ರಸ್ತೆ ಬಿಟ್ಟರು. ಹಿಂದೆ ಉಳಿದಿದ್ದ ಆ ಅಜ್ಜಿ ಕಿಟಕಿಯಲ್ಲಿ ಬಗ್ಗಿ, ವಿಠ್ಠಲನ ಕರೆಂಟು ಎಲ್ಲಿ ಹೋಯಿತು ಎಂದಳು.

"ನಿಮ್ಮ ಮೊಬೈಲಿನಲ್ಲಿ ಕೂತಿದೆ, ಮಾವುಲಿ."

ಅಜ್ಜಿ ನಕ್ಕು ಕೂಗು ಹಾಕಿದಳು. ತಾಳ ಕೊರಳಿಗೆ ಹಾಕಿಕೊಂಡವರೆಲ್ಲ ವಿಠ್ಠಲ ವಿಠ್ಠಲ ಎನ್ನುತ್ತ ಗಾಡಿ ನೂಕಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ, ಎಂಜಿನ್ ಎದ್ದಿತು. ಹಿಂಜವಾಡಿ ಮುಟ್ಟುವವರೆಗೆ ಅದನ್ನು ಬಂದ್ ಮಾಡಲಿಲ್ಲ.

ಹೆಂಡತಿ ಬೆಲ್ಲ, ಏಲಕ್ಕಿ ಹಾಕಿ ಹಾಲನ್ನು ಹಬೆಗಿಟ್ಟಳು. ನಾನು ಅಡುಗೆಮನೆಗೂ ಬಾಲ್ಕನಿಗೂ ಓಡಾಡಿದೆ. ಗಿಣ್ಣ ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗಿ ಕಟ್ಟಿತು. ಮಗಳು ಪಾತ್ರೆ ಕೆರೆದು ಕೆರೆದು ತಿಂದಳು. ಅಳಿಯ ಹೋಗಿ ನನ್ನ ಫ್ಯೂಸ್ ಕಿತ್ತು ತಂದು ಮೇಜಿನ ಮೇಲಿಟ್ಟ. ಹುಟ್ಟಿದ ಮೊಮ್ಮಗಳ ಕಿವಿ ಎಷ್ಟು ಚುರುಕೆಂದರೆ, ನಾನು ಡಬ್ಬಿಯ ಮುಚ್ಚಳ ತೆಗೆದದ್ದು ಪಕ್ಕದ ಕೋಣೆಗೆ ಕೇಳುತ್ತದೆ.

ಇದರಲ್ಲಿ ಒಂದು ಮಾತನ್ನು ನಾನೇ ಸೇರಿಸಿದ್ದೇನೆ. ಅಜ್ಜಿಯದಲ್ಲ, ಸಾಕೆಟ್ಟಿನದ್ದೂ ಅಲ್ಲ. ಗಿಣ್ಣ ಕಟ್ಟಲಿಲ್ಲ. ಒಡೆದು ನೀರು ಬೇರೆ, ಗಂಟು ಬೇರೆಯಾಗಿತ್ತು. ಮಗಳು ಪಾತ್ರೆ ಕೆರೆದು ತಿಂದದ್ದು ಅದನ್ನೇ.